ಲೋಕಲ್‌ನಲ್ಲಿ ಕಳೆದ ಗಂಟೆಗೆ ದರ ಎಷ್ಟು?

ಕೆಲಸ ಬದಲಿಸಿದರೆ ಸಂಬಳ ಹೆಚ್ಚಬೇಕು ಎನ್ನುವುದು ಐಟಿ ಕ್ಷೇತ್ರದಲ್ಲಿರುವ ನಮಗೆಲ್ಲ ಪ್ರಶ್ನೆಯೇ ಇಲ್ಲದ ನಿಯಮ. ಎಷ್ಟು ಪರ್ಸೆಂಟ್ ಹೈಕ್ ಸಿಕ್ಕಿತು ಎಂದು ಗೆಳೆಯರು ಕೇಳುತ್ತಾರೆ, ಆಫೀಸು ಎಲ್ಲಿ ಎಂದು ಕೇಳುವವರು ಕಡಿಮೆ. ಹಾಗಾಗಿ ವರ್ಷಕ್ಕೆ ಆರು ಲಕ್ಷ ರೂಪಾಯಿ ಕಡಿಮೆ ಕೊಡುವ ಕೆಲಸವೊಂದನ್ನು ಒಪ್ಪಿಕೊಳ್ಳಲೇ ಎಂದು ನಾನು ಯೋಚಿಸತೊಡಗಿದಾಗ ಪರಿಚಿತರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: 'ಯಾಕೆ, ಈಗಿನ ಕಂಪನಿಯಲ್ಲಿ ಏನಾದರೂ ತೊಂದರೆಯಾ?' ಕಂಪನಿಯಲ್ಲಿ ತೊಂದರೆಯೇನಿಲ್ಲ. ತೊಂದರೆ ಇರುವುದು ಡೊಂಬಿವಲಿಗೂ ಅಂಧೇರಿಯ ಸೀಪ್ಜ್‌ಗೂ ನಡುವೆ.

ಮುಂಬಯಿ ಗೊತ್ತಿಲ್ಲದವರಿಗೆ ದಾರಿ ಹೇಳುತ್ತೇನೆ. ಮನೆಯಿಂದ ಸ್ಟೇಷನ್ನಿಗೆ ಶೇರ್ ಆಟೋ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಫಾಸ್ಟ್ ಲೋಕಲ್. ಅಲ್ಲಿ ಮೆಟ್ಟಿಲು ಹತ್ತಿ, ಬ್ಯಾಗ್ ತಪಾಸಣೆಯ ಸಾಲಿನಲ್ಲಿ ನಿಂತು ವರ್ಸೋವಾ ಕಡೆಗಿನ ಮೆಟ್ರೊ. ಮರೋಲ್ ನಾಕಾದಲ್ಲಿ ಇಳಿದು ನೆಲದಡಿಯ ಮೂರನೇ ಮಾರ್ಗದ ಮೆಟ್ರೊ. ಸೀಪ್ಜ್‌ನಲ್ಲಿ ಮೇಲೆ ಬಂದು ಹತ್ತು ನಿಮಿಷ ನಡಿಗೆ. ಎಲ್ಲ ಸರಿಯಾಗಿ ಕೂಡಿಬಂದ ದಿನ ಬಾಗಿಲಿಂದ ಬಾಗಿಲಿಗೆ 1 ಗಂಟೆ 55 ನಿಮಿಷ. 2024ರ ಅಕ್ಟೋಬರಿನಲ್ಲಿ ಆರೆ–ಬಿಕೆಸಿ ನಡುವೆ ಮೂರನೇ ಮಾರ್ಗ ತೆರೆಯುವ ಮೊದಲು ಕೊನೆಯ ತುಂಡಿಗೆ ಆಟೋದಲ್ಲಿ ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಮೆಟ್ರೊ ಬಂದು ಉಪಕಾರವಾಗಿದೆ, ಸುಳ್ಳು ಹೇಳಬಾರದು. ಆದರೆ ಮೆಟ್ರೊದ ಎರಡು ತುಂಡುಗಳು ಎಷ್ಟು ನುಣುಪಾದರೂ ಡೊಂಬಿವಲಿಯ ಬೆಳಗಿನ ಲೋಕಲ್ ಅದೇ ಲೋಕಲ್.

ಬೆಂಗಳೂರಿನ ಗೆಳೆಯರು ಸಿಲ್ಕ್ ಬೋರ್ಡಿನ ಕಥೆ ಹೇಳಿ ನಮ್ಮದೂ ಅಷ್ಟೇ ಅನ್ನುತ್ತಾರೆ. ಸಮಯದ ಲೆಕ್ಕದಲ್ಲಿ ಸರಿಯೇ. ಒಂದು ವ್ಯತ್ಯಾಸವಿದೆ. ಅಲ್ಲಿ ಕ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡವನು ಬೇಸರದಿಂದಲಾದರೂ ಫೋನ್ ನೋಡಬಹುದು, ಲ್ಯಾಪ್‌ಟಾಪ್ ತೆರೆಯಬಹುದು. ಎಂಟೂಕಾಲರ ಫಾಸ್ಟ್ ಲೋಕಲ್‌ನಲ್ಲಿ, ಅದು ಫಸ್ಟ್ ಕ್ಲಾಸ್ ಆದರೂ, ಜೇಬಿನಿಂದ ಫೋನ್ ತೆಗೆಯಲು ಮೊಣಕೈ ಮಡಿಸುವಷ್ಟು ಜಾಗ ಸಿಗುವುದು ಠಾಣೆ ದಾಟಿದ ಮೇಲೆ. ರೈಲಿನಲ್ಲಿ ಓದಬಹುದು, ಪಾಡ್‌ಕಾಸ್ಟ್ ಕೇಳಬಹುದು, ಹೊಸ ಕೋರ್ಸ್ ಮುಗಿಸಬಹುದು ಎಂದು ಸಲಹೆ ಕೊಡುವವರು ದಿವಾ ಸ್ಟೇಷನ್ನಿನಲ್ಲಿ ಒಂದು ಸೋಮವಾರ ಹತ್ತಿ ನೋಡಬೇಕು. 2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್‌ಗಳ ಫುಟ್‌ಬೋರ್ಡಿನಿಂದ ಜನ ಬಿದ್ದು ಕನಿಷ್ಠ ನಾಲ್ವರು ಸತ್ತಾಗ, ಅವರು ಬಾಗಿಲಲ್ಲಿ ಯಾಕೆ ನಿಂತಿದ್ದರು ಎಂದು ಟಿವಿಯಲ್ಲಿ ಕೇಳುತ್ತಿದ್ದರು. ಒಳಗೆ ಜಾಗವಿರಲಿಲ್ಲ ಎನ್ನುವುದು ಈ ಮಾರ್ಗದಲ್ಲಿ ಓಡಾಡುವ ಯಾರಿಗೂ ವಿವರಿಸಬೇಕಾದ ಸಂಗತಿಯಲ್ಲ.

ಮನೆ ಇಷ್ಟು ದೂರ ಯಾಕೆ ಮಾಡಿದಿರಿ ಎಂದು ಊರಿನವರು ಕೇಳುತ್ತಾರೆ. ಕುಂದಾಪುರದಿಂದ ಬಂದ ನನ್ನ ದೊಡ್ಡಪ್ಪನಿಗೆ ಎಪ್ಪತ್ತರ ದಶಕದಲ್ಲಿ ದೂರ ಎಂಬುದೇ ಇರಲಿಲ್ಲ. ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ಅದೇ ಹೋಟೆಲಿನ ಅಟ್ಟದಲ್ಲಿ ಹಾಸಿಗೆ, ಸಂಜೆ ರಾತ್ರಿಶಾಲೆ. ಅಂದಿನ ಎಷ್ಟೋ ಕನ್ನಡಿಗರ ಮುಂಬಯಿ ಹಾಗೆಯೇ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾದ ಮೇಲೆ ಮದುವೆ, ಮಕ್ಕಳು, ಸ್ವಂತ ಮನೆಯ ಆಸೆ. ಆ ಸಂಬಳಕ್ಕೆ ಎಟುಕಿದ ಮನೆಗಳು ಡೊಂಬಿವಲಿ, ಕಲ್ಯಾಣಗಳಲ್ಲಿದ್ದವು. ಅವರ ಹಿಂದೆ ನಾವು ಬಂದೆವು, ಅವರ ಕಟ್ಟಡದ ಪಕ್ಕದಲ್ಲೇ ಫ್ಲ್ಯಾಟ್ ಕೊಂಡೆವು. ಇಲ್ಲಿ ಕನ್ನಡ ಸಂಘವಿದೆ, ಉಡುಪಿ ಕಡೆಯ ತರಕಾರಿ ಸಿಗುತ್ತದೆ, ಮಗಳನ್ನು ಒಂದು ಗಂಟೆ ನೋಡಿಕೊಳ್ಳಲು ದೊಡ್ಡಮ್ಮ ಇದ್ದಾರೆ. ಸಿಗದೇ ಇರುವುದು ನಮ್ಮ ಕೆಲಸ ಮಾತ್ರ. ನಗರ ಮನೆಗಳನ್ನು ಈಶಾನ್ಯಕ್ಕೆ ತಳ್ಳುತ್ತಾ ಹೋಯಿತು, ಕಚೇರಿಗಳನ್ನು ಬಿಕೆಸಿ, ಅಂಧೇರಿ, ಪೊವಾಯಿಗಳಲ್ಲಿ ಕಟ್ಟುತ್ತಾ ಹೋಯಿತು. ಡೊಂಬಿವಲಿಯಲ್ಲಿ ಎಂಐಡಿಸಿ ಇದೆ ನಿಜ, ಅಲ್ಲಿರುವುದು ಹೆಚ್ಚಾಗಿ ರಾಸಾಯನಿಕ ಕಾರ್ಖಾನೆಗಳು.

ಇನ್ನು ಲೆಕ್ಕಕ್ಕೆ ಬರೋಣ. ಹೊಸ ಕೆಲಸ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಕೂರಲು ಜಾಗವೂ ಸಿಕ್ಕೀತು. ಬಾಗಿಲಿಂದ ಬಾಗಿಲಿಗೆ 50 ನಿಮಿಷ. ಮುಂಬಯಿಯಲ್ಲಿ ಇದಕ್ಕೆ 'ಮನೆ ಹತ್ತಿರ' ಅನ್ನುತ್ತೇವೆ, ನಗಬೇಡಿ. ಈಗಿನ ಸಂಬಳ ವರ್ಷಕ್ಕೆ 24.75 ಲಕ್ಷ, ಅಲ್ಲಿ 18.75 ಲಕ್ಷ. ಮೇಲ್ನೋಟಕ್ಕೆ ತಿಂಗಳಿಗೆ 50 ಸಾವಿರ ನಷ್ಟ. ಆದರೆ ಆ ಆರು ಲಕ್ಷ ಪೂರ್ತಿ ನನ್ನ ಕೈಗೆ ಬರುತ್ತಿರಲಿಲ್ಲ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸೆಸ್ ಸೇರಿಸಿದರೆ ಮೊದಲನೆಯದಕ್ಕೆ 3.12 ಲಕ್ಷ ತೆರಿಗೆ, ಎರಡನೆಯದಕ್ಕೆ 1,66,400. ಅಂದರೆ ನಿಜವಾದ ವ್ಯತ್ಯಾಸ ವರ್ಷಕ್ಕೆ 4.54 ಲಕ್ಷ, ತಿಂಗಳಿಗೆ 38 ಸಾವಿರದೊಳಗೆ. ಪಾಸು, ಎರಡು ಮೆಟ್ರೊ, ತಡವಾದ ರಾತ್ರಿಗಳ ಕ್ಯಾಬು, ಹಸಿವು ತಾಳದೆ ಘಾಟ್ಕೋಪರ್‌ನಲ್ಲಿ ತಿನ್ನುವ ವಡಾಪಾವ್, ಇವುಗಳಲ್ಲಿ ಉಳಿಯುವುದನ್ನೂ ಕಳೆದರೆ 33 ಸಾವಿರ ಎನ್ನಿ.

ಈ 33 ಸಾವಿರಕ್ಕೆ ಬದಲಾಗಿ ಸಿಗುವುದು ದಿನಕ್ಕೆ 130 ನಿಮಿಷ. 22 ಕೆಲಸದ ದಿನಗಳಿಗೆ ಹೆಚ್ಚುಕಡಿಮೆ 48 ಗಂಟೆ. ತಿಂಗಳಲ್ಲಿ ಎರಡು ಹಗಲು, ಎರಡು ರಾತ್ರಿ. ಭಾಗಿಸಿದರೆ ಗಂಟೆಗೆ 690 ರೂಪಾಯಿ. ಆಫೀಸಿನಲ್ಲಿ ಕೂತು ಕೋಡ್ ಬರೆಯುವ ನನ್ನ ಗಂಟೆಗೆ ತೆರಿಗೆ ಕಳೆದು ಸಿಗುವುದು ಸುಮಾರು 910. ಅಂದರೆ ದೊಡ್ಡ ಸಂಬಳ ಎಂದು ನಾವು ಹೇಳುವುದರೊಳಗೆ ಎರಡು ಕೆಲಸಗಳಿವೆ. ಒಂದು, ಓದಿ ಕಲಿತದ್ದು. ಇನ್ನೊಂದು, ಬೆವರುತ್ತಾ ನಿಲ್ಲುವುದು. ಎರಡನೆಯದು ಹೆಚ್ಚು ಕಷ್ಟದ್ದು, ದರ ಮಾತ್ರ ಕಡಿಮೆ. ಆ ದರಕ್ಕೆ ಶನಿವಾರ ಬಂದು ಓವರ್‌ಟೈಮ್ ಮಾಡು ಎಂದು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಕುಟುಂಬಗಳ ಅಂಕಿಅಂಶ ಹಿಡಿದು ಇದೇ ಪ್ರಶ್ನೆ ಕೇಳಿದ್ದರು. ಅವರ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರದ ಸೂತ್ರದ ಪ್ರಕಾರ ದೂರ ಪ್ರಯಾಣಿಸುವವನಿಗೆ ಹೆಚ್ಚಿನ ಸಂಬಳವೋ ಅಗ್ಗದ ಮನೆಯೋ ಸಿಕ್ಕಿ ಕಷ್ಟ ಸರಿದೂಗಬೇಕು. ಸರಿದೂಗಿರಲಿಲ್ಲ. ಪ್ರಯಾಣ ಉದ್ದವಾದಷ್ಟೂ ಬದುಕಿನ ಬಗ್ಗೆ ಜನ ಹೇಳಿಕೊಂಡ ತೃಪ್ತಿ ಕಡಿಮೆ ಇತ್ತು. ಜರ್ಮನಿಯ ರೈಲಿನಲ್ಲೇ ಹೀಗಾದರೆ ನಮ್ಮದನ್ನು ನೀವೇ ಊಹಿಸಿ.

ಹಾಗೆಂದು ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಎಂಟೆಕ್‌ನಲ್ಲಿ ಆಪ್ಟಿಮೈಸೇಶನ್ ಓದುವಾಗ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದರು: ಉತ್ತರ ಹುಡುಕುವ ಮೊದಲು ಯಾವುದನ್ನು ಲೆಕ್ಕದ ಹೊರಗೆ ಬಿಟ್ಟಿದ್ದೀರಿ ನೋಡಿ. ನಾನು ಹೊರಗೆ ಬಿಟ್ಟವು ಹಲವು. ಮನೆಸಾಲದ ಕಂತು 41 ಸಾವಿರ, ಇನ್ನೂ 14 ವರ್ಷ. ಮುಂದಿನ ಕೆಲಸಕ್ಕೆ ಹೋದಾಗ ಎಚ್‌ಆರ್‌ನವರು ಕೇಳುವುದು 'ಈಗಿನ ಸಿಟಿಸಿ ಎಷ್ಟು?' ಎಂದು. ಒಮ್ಮೆ ಇಳಿದ ಅಂಕಿ ಮುಂದಿನ ಪ್ರತಿ ಮಾತುಕತೆಯಲ್ಲೂ ಹಿಂಬಾಲಿಸುತ್ತದೆ. ಈಗಿನ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಹೊಸದರಲ್ಲಿ ಇಲ್ಲ. ಅಪ್ಪನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಬೇರೆ. ಹೊಸದಾಗಿ ವಿಮೆ ಮಾಡಿಸಿದರೆ ಪ್ರೀಮಿಯಂ ಎಷ್ಟಾಗುತ್ತದೆಂದು ವಿಚಾರಿಸಿದ ದಿನ ನನ್ನ ಉತ್ಸಾಹ ಅರ್ಧ ಇಳಿದಿತ್ತು. ಸಣ್ಣ ಕಂಪನಿ ಬೇರೆ. ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟರೆ ಅಲುಗಾಡೀತು. ಅಮ್ಮ ಫೋನಿನಲ್ಲಿ, 'ಅಷ್ಟು ಓದಿಸಿದ್ದು ಸಂಬಳ ಇಳಿಸಿಕೊಳ್ಳಲಿಕ್ಕಾ ಮಗಾ?' ಅಂದರು. ತಮಾಷೆಯಂತೆ ಕೇಳಿಸಿದರೂ ತಮಾಷೆಯಾಗಿರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಗಂಟೆಗೆ 690 ರೂಪಾಯಿ ಕಡಿಮೆ ದರ ಎಂದು ನಾನು ಬರೆದೆ. ಅದೇ ಲೋಕಲ್‌ನ ಸೆಕೆಂಡ್ ಕ್ಲಾಸಿನಲ್ಲಿ ಬದ್ಲಾಪುರದಿಂದ ನಿಂತು ಬರುವ ನಮ್ಮ ಆಫೀಸಿನ ಸೆಕ್ಯೂರಿಟಿ ಗಾರ್ಡ್‌ಗೆ ಇಡೀ ದಿನಕ್ಕೆ ಸಿಗುವುದು ಅಷ್ಟೇ ಇದ್ದೀತು. ಮನೆ ಹತ್ತಿರದ, ಸಂಬಳ ಕಡಿಮೆಯ ಕೆಲಸ ಎಂಬ ಆಯ್ಕೆ ಇರುವುದೇ ಸಂಬಳದಲ್ಲಿ ಇಳಿಯಲು ಮೆಟ್ಟಿಲು ಇರುವವರಿಗೆ. ಹಾಗಾಗಿ 'ಧೈರ್ಯ ಮಾಡಿ ಬಿಟ್ಟುಬಿಡಿ, ಬದುಕು ದೊಡ್ಡದು' ಎಂಬ ಧಾಟಿಯ ಉಪದೇಶ ನನಗೆ ಹಿಡಿಸುವುದಿಲ್ಲ.

ಆದರೆ ಈ ಎಲ್ಲ ಲೆಕ್ಕದಲ್ಲಿ ಬಹಳ ಹೊತ್ತು ಕಾಣದೇ ಇದ್ದ ಒಂದು ಸಾಲು ನನ್ನ ಹೆಂಡತಿಯದು. ಅವಳು ಬಿಕಾಂ ಓದಿ, ಲೋವರ್ ಪರೇಲ್‌ನ ಆಡಿಟ್ ಸಂಸ್ಥೆಯೊಂದರಲ್ಲಿ ಐದು ವರ್ಷ ದುಡಿದವಳು. ಮಗಳು ಹುಟ್ಟಿದ ಮೇಲೆ ಡೊಂಬಿವಲಿಯಲ್ಲೇ ಒಬ್ಬ ಸಿಎ ಅವರ ಕಚೇರಿ ಸೇರಿದಳು. ಸಂಬಳ ಅರ್ಧ. ಆಗ ಯಾರೂ ಎಕ್ಸೆಲ್ ಶೀಟ್ ತೆರೆಯಲಿಲ್ಲ, ಗೆಳೆಯರು 'ಏನಾದರೂ ತೊಂದರೆಯಾ' ಎಂದು ಕೇಳಲಿಲ್ಲ, ಅಮ್ಮನೂ ಫೋನ್ ಮಾಡಲಿಲ್ಲ. ಮನೆಯವರೆಲ್ಲರಿಗೂ ಅದು ಸಹಜವೇ ಆಗಿತ್ತು. ನಮ್ಮ ಕಟ್ಟಡದಲ್ಲಿ ಇಂಥ ಹೆಂಗಸರು ಕಡಿಮೆಯೆಂದರೂ ಆರು ಮಂದಿ ಇದ್ದಾರೆ. ಇಂಜಿನಿಯರ್, ಬ್ಯಾಂಕಿನವರು, ಒಬ್ಬರು ಎಂಎಸ್ಸಿ. ದೂರದ ಹೆಚ್ಚು ಸಂಬಳವನ್ನು ಬಿಟ್ಟು ಹತ್ತಿರದ ಕಡಿಮೆ ಸಂಬಳವನ್ನು ಆರಿಸಿಕೊಂಡವರು. ಗಂಡಸು ಅದನ್ನೇ ಮಾಡಿದರೆ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಾನೆ!

ನಾನು ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲಿ ಕಳೆಯಲು ಸಾಧ್ಯವಾಗಿರುವುದೇ ಇನ್ನೊಬ್ಬರು ಸ್ಟೇಷನ್ನಿನ ಈಚೆ ಉಳಿದಿರುವುದರಿಂದ. ಮಗಳ ಶಾಲೆಯ ವ್ಯಾನ್ ಎರಡೂವರೆಗೆ ಬರುತ್ತದೆ, ಜ್ವರ ಬಂದರೆ ಶಾಲೆಯವರು ಕರೆಯುವುದು ಹತ್ತಿರವಿರುವ ಅಮ್ಮನನ್ನು. ನನ್ನ 24.75 ಲಕ್ಷದಲ್ಲಿ ಅವಳು ಬಿಟ್ಟ ಸಂಬಳವೂ ಸೇರಿದೆ, ಪೇಸ್ಲಿಪ್ಪಿನಲ್ಲಿ ಕಾಣುವುದಿಲ್ಲ ಅಷ್ಟೆ. ಅದನ್ನು ಕಳೆದು ನೋಡಿದರೆ ಗಂಟೆಗೆ 690 ಕೂಡ ಉಳಿಯುವುದಿಲ್ಲ.

ಹೊಸ ಆಫರ್ ಬಗ್ಗೆ ಅವಳು ಹೇಳಿದ್ದು ನನ್ನ ಎಲ್ಲ ಕೋಷ್ಟಕಗಳಿಗಿಂತ ಉಪಯೋಗಕ್ಕೆ ಬಂತು. 'ಸಂಬಳ ಕಡಿಮೆಯಾದರೆ ಒಂದು ಆರ್‌ಡಿ ನಿಲ್ಲಿಸಿದರಾಯಿತು. ಆದರೆ ರೀ, ಠಾಣೆ ಹತ್ತಿರ ಎಂದು ಅವರು ನಿಮ್ಮನ್ನು ರಾತ್ರಿ ಎಂಟರವರೆಗೆ ಕೂರಿಸಿದರೆ ಬಂದ ಲಾಭ ಏನು? ಅದನ್ನು ಮೊದಲು ಕೇಳಿ.' ಸಂದರ್ಶನಗಳಲ್ಲಿ ಜಾಯ್ನಿಂಗ್ ಬೋನಸ್, ವೇರಿಯಬಲ್ ಪೇ ಎಲ್ಲ ಕೇಳಿ ಅಭ್ಯಾಸವಿದ್ದ ನನಗೆ ಎಷ್ಟು ಗಂಟೆಗೆ ಹೊರಡಬಹುದು ಎಂದು ಕೇಳುವುದು ಮುಜುಗರದ ವಿಷಯವಾಗಿತ್ತು. ಕೇಳಿದೆ. ಸಂಜೆ ಆರೂವರೆಗೆ ಹೊರಡುವುದು, ವಾರಕ್ಕೆ ಒಂದು ದಿನ ಮನೆಯಿಂದ ಕೆಲಸ, ಎರಡನ್ನೂ ಇಮೇಲಿನಲ್ಲಿ ಬರೆದು ಕೊಟ್ಟರು. ಅಪ್ಪ ಅಮ್ಮನ ವಿಮೆಗೆ ಒಪ್ಪಲಿಲ್ಲ. ಆ ಪ್ರೀಮಿಯಂ ನಾವೇ ಕಟ್ಟಬೇಕು.

ಕಂಪನಿಗಳಿಗೂ ಒಂದು ಮಾತು. ಕೊರೊನಾ ಕಾಲದಲ್ಲಿ ಮನೆಯಿಂದಲೇ ದೊಡ್ಡ ದೊಡ್ಡ ರಿಲೀಸ್‌ಗಳನ್ನು ಮಾಡಿಸಿಕೊಂಡವರು ಈಗ ವಾರಕ್ಕೆ ಐದು ದಿನ ಬನ್ನಿ ಎನ್ನುತ್ತಿದ್ದಾರೆ. ಬಂದು ನಾವು ಮಾಡುವುದು ಹೆಡ್‌ಫೋನ್ ಹಾಕಿಕೊಂಡು ಪುಣೆ, ಹೈದರಾಬಾದಿನವರೊಡನೆ ವಿಡಿಯೊ ಕರೆ. ಕಚೇರಿ ವೇಳೆಯನ್ನು ಹಿಂದೆ ಮುಂದೆ ಮಾಡಿ ಎಂದು ಮಧ್ಯ ರೈಲ್ವೆಯೇ ಮುಂಬಯಿಯ ಸಂಸ್ಥೆಗಳಿಗೆ ಪತ್ರ ಬರೆದು ಕೇಳಿಕೊಂಡಿದೆ. ಹತ್ತು ಗಂಟೆಯ ಬದಲು ಹನ್ನೊಂದಕ್ಕೆ ಬನ್ನಿ ಎಂದರೆ ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ. ಸರ್ಕಾರದ ಕಡೆ ನೋಡಿದರೆ, ಕಲ್ಯಾಣ–ಡೊಂಬಿವಲಿಯವರು ಠಾಣೆಯಲ್ಲಿ ಇಳಿಯದೇ ನವಿ ಮುಂಬಯಿಗೆ ಹೋಗಲು ಐರೋಲಿ–ಕಳವಾ ಎತ್ತರಿಸಿದ ಮಾರ್ಗ ಎಂಬ ಯೋಜನೆ ಇದೆ. ಅದರ ಭಾಗವಾದ ದಿಘಾ ಗಾಂವ್ ಸ್ಟೇಷನ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮಾರ್ಗ ಪೂರ್ತಿಯಾಗಲು ದಾರಿಯಲ್ಲಿರುವ ಮನೆಗಳವರಿಗೆ ಬೇರೆ ವಸತಿ ಆಗಬೇಕು, ಅದು ವರ್ಷಗಳಿಂದ ಎಳೆಯುತ್ತಿದೆ. ಐರೋಲಿಯ ಐಟಿ ಪಾರ್ಕುಗಳು ನಕ್ಷೆಯಲ್ಲಿ ನಮಗೆ ಎಷ್ಟು ಹತ್ತಿರ! ಆ ಒಂದು ಕೊಂಡಿ ಆಗಿದ್ದರೆ ನನ್ನಂಥ ಸಾವಿರಾರು ಜನರಿಗೆ ಸಂಬಳ ಇಳಿಸಿಕೊಳ್ಳುವ ಪ್ರಶ್ನೆಯೇ ಬರುತ್ತಿರಲಿಲ್ಲವೇನೋ.

ರಾಜೀನಾಮೆ ಕೊಟ್ಟಿದ್ದೇನೆ. ಅರುವತ್ತು ದಿನದ ನೋಟಿಸ್ ಪೀರಿಯಡ್ ನಡೆಯುತ್ತಿದೆ. ಇಲ್ಲೇ ಉಳಿದರೆ ಇಂತಿಷ್ಟು ಹೆಚ್ಚಿಸುತ್ತೇವೆ ಎಂದು ಮ್ಯಾನೇಜರ್ ಒಂದು ಅಂಕಿ ಹೇಳಿದರು, ಒಳ್ಳೆಯ ಅಂಕಿಯೇ. ವಾರಕ್ಕೆ ಎರಡು ದಿನ ಮನೆಯಿಂದ ಮಾಡಲೇ ಎಂದು ಕೇಳಿದ್ದಕ್ಕೆ ಅದು ಪಾಲಿಸಿಯಲ್ಲಿಲ್ಲ ಅಂದರು. ಇನ್ನು ಮೇಲೆ ಮಗಳ ವ್ಯಾನ್ ಬಿಟ್ಟ ಮೇಲಿನ ಮೂರೂವರೆ ಗಂಟೆ ದೊಡ್ಡಮ್ಮನ ಮನೆ, ಏಳೂಕಾಲಿನ ನಂತರ ನಾನು ಎಂದು ಒಪ್ಪಂದವಾಗಿದೆ. ಹೆಂಡತಿ ತನ್ನ ಬಯೋಡೇಟಾ ಹೊರತೆಗೆದು ಹೊಸ ಜಿಎಸ್‌ಟಿ ಅನುಭವ ಸೇರಿಸಿದ್ದಾಳೆ. ಮುಲುಂಡಿನ ಒಂದು ಸಂಸ್ಥೆಯಿಂದ ಕರೆ ಬಂದಿದೆ, ಬರುವ ಬುಧವಾರ ಸಂದರ್ಶನ. ಸಂಬಳ ಈಗಿನದಕ್ಕಿಂತ 20 ಸಾವಿರ ಹೆಚ್ಚು, ಪ್ರಯಾಣ ಒಂದೂ ಕಾಲು ಗಂಟೆ. ಶೀಟ್ ಮತ್ತೆ ತೆರೆದಿದ್ದೇವೆ, ಈ ಸಲ ಅವಳ ಹೆಸರಿನಲ್ಲಿ.