ಬಬಲ್‌ಗಮ್ಮಿಗೆ ಬೈಯುವ ಮುಂಚೆ

ಹೋದ ಸೋಮವಾರ ನಮ್ಮ ಕೈಯಲ್ಲಿ ಬೆಂಚಿನ ಅಡಿ ಅಂಟಿದ್ದ ಬಬಲ್‌ಗಮ್ಮನ್ನೆಲ್ಲ ಕೆರೆಸಿದರು. ಇನ್ನು ಮೇಲೆ ಶಾಲೆಗೆ ಯಾರೂ ಗಮ್ ತರಬಾರದು ಎಂದು ಹೇಳಿದ್ದಾರೆ. ಅಂಟಿಸಿದ್ದು ತಪ್ಪೇ. ಆದರೆ ಎಲ್ಲಾ ಗಮ್ಮೂ ಒಂದೇ ಅಲ್ಲ ಎಂದು ನನ್ನ ಅಭಿಪ್ರಾಯ.

ನನ್ನ ತಮ್ಮ ಎರಡನೇ ತರಗತಿ. ಆಲೆಮನೆ ಬೆಲ್ಲ, ಅಂಗಡಿ ಮಿಠಾಯಿ ಎರಡೂ ಬೇಕು ಅವನಿಗೆ. ಯುಗಾದಿ ಆದ ಮೇಲೆ ಒಂದು ರಾತ್ರಿ "ಹಲ್ಲು ನೋಯ್ತದ ಕಣವ್ವ" ಅಂತ ಅಳುತ್ತಾ ಕೂತ. ಅವ್ವ ಲವಂಗ ಇಟ್ಟಳು. ಅಜ್ಜಿ "ಹುಳ ಬಿದ್ದದ" ಅಂದಳು. ಬೆಳಿಗ್ಗೆ ಗುಂಡ್ಲುಪೇಟೆಗೆ ಕರ್ಕೊಂಡು ಹೋಗಿ ದವಡೆ ಹಲ್ಲು ಕೀಳಿಸಬೇಕಾಯ್ತು. ಅಪ್ಪನ ಒಂದು ದಿನದ ಕೂಲಿಯೂ ಹೋಯ್ತು.

ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲವಂತೆ! ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಎನಾಮಲ್ಲನ್ನು ಕರಗಿಸುತ್ತದೆ. ಲಾಲಾರಸ, ಅಂದರೆ ನಮ್ಮ ಜೊಲ್ಲು, ಅದನ್ನು ತೊಳೆಯುತ್ತದೆ. ಜಗಿದಷ್ಟೂ ಜೊಲ್ಲು ಜಾಸ್ತಿ ಬರುತ್ತದೆ. (ಮುದ್ದೆಯನ್ನು ನಾವು ಜಗಿಯೋದೇ ಇಲ್ಲ, ನುಂಗ್ತೀವಿ.) ಅದಕ್ಕೇ ಊಟ ಆದ ಮೇಲೆ ಸಕ್ಕರೆ ಇಲ್ಲದ ಗಮ್ಮನ್ನು 20 ನಿಮಿಷ ಜಗಿದರೆ ಹಲ್ಲಿಗೆ ಒಳ್ಳೆಯದು. ಕೆಲವು ಗಮ್ಮಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ಅದು ಸಿಹಿಯೇ, ಆದರೆ ಬ್ಯಾಕ್ಟೀರಿಯಾಗಳು ಅದರಿಂದ ಆಮ್ಲ ಮಾಡಲಾರವು. ಫಿನ್ಲೆಂಡ್ ದೇಶದ ತುರ್ಕು ಪಟ್ಟಣದಲ್ಲಿ 1970ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಸಕ್ಕರೆ ಗಮ್ ಜಗಿದವರಿಗಿಂತ ಕ್ಸೈಲಿಟಾಲ್ ಗಮ್ ಜಗಿದವರಿಗೆ ಹುಳುಕು ಕಡಿಮೆಯಾಯಿತು.

ನಮ್ಮೂರ ಅಂಗಡಿಯಲ್ಲಿ ಸಿಗೋದು ಒಂದು ರೂಪಾಯಿಯ ಸಕ್ಕರೆ ಗಮ್ಮು ಮಾತ್ರ. ಸಕ್ಕರೆ ಇಲ್ಲದ್ದು ಕೊಡಿ ಅಂದರೆ ಅಂಗಡಿ ಅಣ್ಣ "ಯಾರ್ಗವ್ವ ಸಕ್ಕರೆ ಕಾಯಿಲೆ?" ಅಂತ ನಕ್ಕರು. ಪೇಟೆಯಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ.

ಸಿಂಗಪುರದಲ್ಲಿ 1992ರಲ್ಲಿ ಗಮ್ ಮಾರುವುದನ್ನೇ ನಿಲ್ಲಿಸಿದ್ದರು. ಅಲ್ಲೂ ಕಂಡಕಂಡಲ್ಲಿ ಅಂಟಿಸುತ್ತಿದ್ದರಂತೆ! ಆದರೆ 2004ರಲ್ಲಿ ಹಲ್ಲಿಗೆ ಒಳ್ಳೆಯದಾದ ಗಮ್ಮನ್ನು ಔಷಧಿ ಅಂಗಡಿಯಲ್ಲಿ ಮಾರಲು ಬಿಟ್ಟರು. ನಮ್ಮ ಶಾಲೆಯಲ್ಲೂ ಹಾಗೇ ಯಾಕೆ ಮಾಡಬಾರದು? ಗಮ್ ಜಗಿದರೆ ಹಲ್ಲುಜ್ಜೋದು ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕವರಿಗೂ ಕೊಡಬಾರದು, ನುಂಗಿಬಿಡ್ತಾರೆ. ನಾಯಿಗಂತೂ ಹಾಕಲೇಬೇಡಿ, ಕ್ಸೈಲಿಟಾಲ್ ಅವಕ್ಕೆ ವಿಷ.

ಅಂಗಡಿ ಅಣ್ಣ ಒಂದು ಡಬ್ಬಿ ತರಿಸುವ ತನಕ ಬಿಸಿಯೂಟ ಆದ ಮೇಲೆ ತಟ್ಟೆ ತೊಳೆಯುವಾಗಲೇ ಎಲ್ಲರೂ ಬಾಯಿ ಮುಕ್ಕಳಿಸೋಣ. ಡಬ್ಬಿ ಬಂದ ಮೇಲೆ ಜಗಿದ ಗಮ್ಮನ್ನು ಅದರ ಕಾಗದದಲ್ಲೇ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು. ಬೆಂಚಿನ ಅಡಿ ನೋಡೋ ಕೆಲಸ ನಾನೇ ಮಾಡ್ತೀನಿ, ಸಾರ್.