ಮ್ಯಾಚು ನಮ್ಮದು, ಕಾಸು ನಮ್ಮದು... ಕಾಮೆಂಟರಿ ಮಾತ್ರ ಯಾರದು?



ಐಪಿಎಲ್ ಬಂತೆಂದರೆ ನಮ್ಮೂರಿನ ಇಂಗ್ಲಿಷ್ ಪುರವಣಿಗಳಿಗೆ ಒಂದು ಹಬ್ಬ. ಬೆಂಗಳೂರಿನಲ್ಲಿ ಮ್ಯಾಚ್ ನೋಡಲು ಯಾವ ಪಬ್ ಶ್ರೇಷ್ಠ, ಯಾವ ಬಾರ್ ಉತ್ತಮ ಎಂದು ಪಟ್ಟಿ ಹಾಕುತ್ತವೆ. ಪರದೆ ಎಷ್ಟು ಅಗಲ, ಬಿಯರಿಗೆ ಯಾವ ರುಚಿ, ಕೋಳಿ ರೆಕ್ಕೆಗೆ ಯಾವ ಸಾಸು, ಎಲ್ಲ ಬರೆಯುತ್ತಾರೆ. ಆ ಪರದೆಯಿಂದ ಯಾವ ಭಾಷೆ ಹೊರಬೀಳುತ್ತದೆ ಎಂಬ ಒಂದು ಸಾಲು ಮಾತ್ರ ಭೂತಗನ್ನಡಿ ಹಿಡಿದರೂ ಸಿಗುವುದಿಲ್ಲ!

ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ, ಕುಡಿಯಬೇಡಿ ಎಂದು ಉಪದೇಶ ಮಾಡುವ ಸ್ವಾಮೀಜಿಯೂ ನಾನಲ್ಲ. ಮ್ಯಾಚಿನ ದಿನ ಚರ್ಚ್ ಸ್ಟ್ರೀಟ್, ಇಂದಿರಾನಗರದ ನೂರಡಿ ರಸ್ತೆ, ಕೋರಮಂಗಲ ಎಲ್ಲ ನಿಮ್ಮಿಂದಲೇ ತುಂಬಿರುತ್ತವೆ. ಹೋಗುವವರು ಹೋಗುತ್ತೀರಿ. ಹೋಗುವಾಗ ಕನ್ನಡವನ್ನು ಬಾಗಿಲಾಚೆ ಚಪ್ಪಲಿ ಹಾಗೆ ಬಿಟ್ಟು ಹೋಗಬೇಕೇ? ಅದಷ್ಟೇ ನನ್ನ ಪ್ರಶ್ನೆ.

ಹೆಸರು ಬದಲಾಯಿತು, ರಿಮೋಟ್ ಬದಲಾಗಲಿಲ್ಲ

ನಮ್ಮ ನಗರದ ಹೆಸರು ಇಂಗ್ಲಿಷಿನಲ್ಲೂ 'ಬೆಂಗಳೂರು' ಆದದ್ದು 2014ರ ನವೆಂಬರ್ 1ರಂದು. ವಿಸ್ಕಿಯ ಹೆಸರಿಟ್ಟುಕೊಂಡು 2008ರಲ್ಲಿ ಹುಟ್ಟಿದ ನಮ್ಮ ಕ್ರಿಕೆಟ್ ತಂಡ 'ಬ್ಯಾಂಗಲೋರ್' ಬಿಟ್ಟು 'ಬೆಂಗಳೂರು' ಎನ್ನಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಹತ್ತು ವರ್ಷ! ಆದರೂ ಆಯಿತಲ್ಲ, ಸಂತೋಷ. 'ಈ ಸಲ ಕಪ್ ನಮ್ದೇ' ಎಂಬ ಕನ್ನಡದ ಮಾತನ್ನು ಪರರಾಜ್ಯದವರೂ ವಿದೇಶಿ ಆಟಗಾರರೂ ಕಲಿತು ಹೇಳಿದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಕಪ್ಪೂ ಬಂತು. ಕೂಗಿದ್ದು ಕನ್ನಡದಲ್ಲಿ, ಗೆದ್ದದ್ದು ಬೆಂಗಳೂರು. ದೊಡ್ಡ ಪಬ್ಬುಗಳ ಧ್ವನಿವರ್ಧಕಕ್ಕೆ ಮಾತ್ರ ಇಂಗ್ಲಿಷ್, ಇಲ್ಲವೇ ಹಿಂದಿ!

ಕನ್ನಡದ ವಿವರಣೆ ಇಲ್ಲವೇ? ಇದೆ ಸ್ವಾಮಿ! 2018ರ ಐಪಿಎಲ್‌ನಲ್ಲೇ ಸ್ಟಾರ್ ಸಂಸ್ಥೆ ಕನ್ನಡದಲ್ಲಿ ಪ್ರಸಾರ ಮಾಡಿತು. 2023ರಲ್ಲಿ ಜಿಯೋಸಿನಿಮಾ ಹನ್ನೆರಡು ಭಾಷೆಗಳಲ್ಲಿ ಕೊಟ್ಟಿತು, ಕನ್ನಡವೂ ಅದರಲ್ಲಿತ್ತು. ಮೈಕಿನ ಮುಂದೆ ಕೂತವರು ಆಟ ಗೊತ್ತಿಲ್ಲದ ಬಾಡಿಗೆ ಬಾಯಿಗಳೂ ಅಲ್ಲ. 1999ರಲ್ಲಿ ನೈರೋಬಿಯಲ್ಲಿ ಭಾರತದ ಪರ ಸರಣಿ ಶ್ರೇಷ್ಠನಾದ ನಮ್ಮ ವಿಜಯ್ ಭಾರದ್ವಾಜ್‌ರಂಥವರು ಕೂತು ಕನ್ನಡದಲ್ಲಿ ಆಟ ಬಿಡಿಸಿ ಹೇಳುತ್ತಾರೆ. ಪಬ್ಬಿನವನು ಮಾಡಬೇಕಾದ್ದು ಒಂದೇ ಕೆಲಸ, ರಿಮೋಟಿನ ಗುಂಡಿ ಒತ್ತುವುದು. ಒತ್ತುವುದಿಲ್ಲ. ಯಾಕೆ? ನಾವು ಕೇಳುವುದಿಲ್ಲ!

'ನಮ್ಮಲ್ಲಿಗೆ ಎಲ್ಲ ರಾಜ್ಯದವರೂ ಬರುತ್ತಾರೆ' ಎಂಬುದು ಸಿದ್ಧ ಉತ್ತರ. ಬರಲಿ, ಬಂದವರು ನಮ್ಮ ಅತಿಥಿಗಳು. ನಾಲ್ಕು ಪರದೆ ಇರುವ ಕಡೆ ಮೂರರಲ್ಲಿ ಬೇರೆ ಇರಲಿ, ಒಂದು ಮೂಲೆಯ ಪರದೆ, ಒಂದು ಸ್ಪೀಕರ್ ಕನ್ನಡಕ್ಕಿರಲಿ. ಬೆಂಗಳೂರಿನಲ್ಲಿ ಕನ್ನಡಕ್ಕೆ ಕಾಲುಭಾಗ ಕೇಳುವ ಗತಿ ಬಂದದ್ದೇ ನಾಚಿಕೆಗೇಡು. ಅಷ್ಟನ್ನೂ ಕೊಡದವರನ್ನು ಏನೆನ್ನಬೇಕು? ಯುರೋಪಿನ ಫುಟ್‌ಬಾಲನ್ನು ಇಂಗ್ಲಿಷಿನಲ್ಲೇ ಹಾಕಲಿ, ನನ್ನ ತಕರಾರಿಲ್ಲ. ಚಿನ್ನಸ್ವಾಮಿಯಲ್ಲಿ ನಡೆಯುವ ಮ್ಯಾಚನ್ನು ಅದರ ಪಕ್ಕದ ರಸ್ತೆಯಲ್ಲಿ ಕೂತು ಪರಭಾಷೆಯಲ್ಲಿ ಕೇಳುವ ದೌರ್ಭಾಗ್ಯಕ್ಕೆ ತಕರಾರಿದೆ.

ಅದೇ ರಾಜಾಜಿನಗರ, ಶ್ರೀರಾಂಪುರ, ಕಾಮಾಕ್ಷಿಪಾಳ್ಯದ ಸಾಮಾನ್ಯ 'ಬಾರ್ ಅಂಡ್ ರೆಸ್ಟೋರೆಂಟ್'ಗಳಿಗೆ ಹೋಗಿ ನೋಡಿ. ಗೋಡೆಗೆ ಒಂದು ಟಿ.ವಿ., ಕಡಲೆಬೀಜದ ತಟ್ಟೆ, ಕನ್ನಡದ ಕಾಮೆಂಟರಿ, ಪಕ್ಕದ ಟೇಬಲ್ಲಿನಿಂದ ಅದಕ್ಕಿಂತ ಒಳ್ಳೆಯ ಕಾಮೆಂಟರಿ! ಯಾವ ಪಟ್ಟಿಯಲ್ಲೂ ಇವುಗಳ ಹೆಸರಿಲ್ಲ. ನನ್ನನ್ನು ಕೇಳಿದರೆ ಮೊದಲ ಸ್ಥಾನ ಇವಕ್ಕೇ.

ಪ್ರೆಸ್ಸಿನವನ ಲೆಕ್ಕ ಕೇಳಿ

ನಾನು ಓದಿದ್ದು ಪಿಯುಸಿ. ಹೊಟ್ಟೆಪಾಡು ಪ್ರಿಂಟಿಂಗ್ ಪ್ರೆಸ್. ಮೆನು ಕಾರ್ಡು, ಮ್ಯಾಚ್ ದಿನದ ಪೋಸ್ಟರು, ಟೇಬಲ್ ಮೇಲಿಡುವ ಕಾರ್ಡು ಇವೆಲ್ಲ ನನ್ನ ಮೆಷಿನ್ ಮೇಲೆ ಓಡುತ್ತವೆ. ಹಾಗಾಗಿ ಇದರ ಖರ್ಚು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಬಣ್ಣದ ಮೆನು ಎಂದರೆ ನಾಲ್ಕು ಬಣ್ಣ, ನಾಲ್ಕು ಪ್ಲೇಟು. ಇಂಗ್ಲಿಷ್ ಸಾಲಿನ ಮೇಲೆ ಕಪ್ಪಿನಲ್ಲಿ ಒಂದು ಕನ್ನಡ ಸಾಲು ಸೇರಿಸಿದರೆ ಅದು ಅದೇ ಕಪ್ಪು ಪ್ಲೇಟಿನಲ್ಲಿ ಕೂರುತ್ತದೆ. ಐದನೆಯ ಪ್ಲೇಟು ಬೇಡ. ಅದೇ ಹಾಳೆಯಲ್ಲಿ ಹಿಡಿಸಿದರೆ ಕಾಗದ ಹೆಚ್ಚು ಬೇಡ, ಲ್ಯಾಮಿನೇಷನ್ ಹೆಚ್ಚು ಬೇಡ. ಐವತ್ತು ಪ್ರತಿಯನ್ನು ಡಿಜಿಟಲ್ ಮೆಷಿನ್ನಿನಲ್ಲಿ ತೆಗೆದರೂ ಹಾಳೆಗಿಷ್ಟು ಎಂಬ ದರವೇ ಹೊರತು ಭಾಷೆಗಿಷ್ಟು ಎಂಬ ದರವಿಲ್ಲ.

ಒಂದು ಪಬ್ಬಿನ ಮ್ಯಾನೇಜರಿಗೆ ಇಷ್ಟನ್ನೂ ಹೇಳಿದೆ. ಕನ್ನಡ ಸೇರಿಸಿ ಪ್ರೂಫನ್ನೂ ತೆಗೆದುಕೊಟ್ಟೆ. ಆತ ಕೆಂಪು ಪೆನ್ನಿನಲ್ಲಿ ಕನ್ನಡ ಸಾಲುಗಳನ್ನಷ್ಟೇ ಹೊಡೆದು ಹಾಕಿ, 'ಲುಕ್ ಹಾಳಾಗುತ್ತೆ ಸಾರ್' ಎಂದ. ಅಚ್ಚಗನ್ನಡದಲ್ಲೇ ಹೇಳಿದ! ನೋಡಿದಿರಾ? ಅಡ್ಡಿ ಇರುವುದು ಹಣದಲ್ಲಲ್ಲ, ಪರಭಾಷಿಕನಲ್ಲೂ ಅಲ್ಲ. ತಾಯಿನುಡಿ ಕಂಡರೆ 'ಲುಕ್' ಹಾಳಾಗುತ್ತದೆಂದು ನಂಬಿರುವ ನಮ್ಮವನ ತಲೆಯಲ್ಲಿ!

ಹೊರಗಿನ ಬೋರ್ಡಿಗೆ ಕಾನೂನು ಬಂದಿದೆ. 2024ರ ಫೆಬ್ರವರಿಯಲ್ಲಿ ಶಾಸನಸಭೆ ಒಪ್ಪಿದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡು ಬದಲಾಯಿತು. ಆದರೆ ಬೋರ್ಡಿನ ಕೆಳಗೆ ನುಗ್ಗಿ ಒಳಗೆ ಹೋದರೆ ಮತ್ತೆ ಲಂಡನ್ನು!

ಕ್ರಿಕೆಟ್ ಒಂದೇ ಆಟವೇ?

2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಮಣಿಸಿ ಪ್ರೊ ಕಬಡ್ಡಿ ಗೆದ್ದಿತು. ಅದೇ ಮಾರ್ಚ್ 17ರಂದು ಬೆಂಗಳೂರು ಎಫ್‌ಸಿ ಗೋವಾ ತಂಡವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಚಾಂಪಿಯನ್ ಆಯಿತು. 2024ರಲ್ಲಿ ಡಬ್ಲ್ಯುಪಿಎಲ್ ಗೆದ್ದು ಆರ್‌ಸಿಬಿಗೆ ಮೊದಲ ಕಪ್ ತಂದವರು ನಮ್ಮ ಹೆಣ್ಣುಮಕ್ಕಳು. ಎಷ್ಟು ಪಬ್ಬುಗಳು ಈ ಆಟಗಳಿಗೆ ದೊಡ್ಡ ಪರದೆ ಬಿಟ್ಟುಕೊಡುತ್ತವೆ? ಕಬಡ್ಡಿ ಪಂದ್ಯ ನಲವತ್ತು ನಿಮಿಷದ ಆಟ. ಮಾರ್ನಿಂಗ್ ಷಿಫ್ಟ್ ಮುಗಿಸಿದ ಹುಡುಗನೂ ನೋಡಿ ಹೊತ್ತಿಗೆ ಮನೆ ಸೇರಬಹುದು. ಆದರೆ 'ಸ್ಪೋರ್ಟ್ಸ್ ಬಾರ್' ಎಂಬ ಹೆಸರಿನಲ್ಲಿ ತೋರಿಸುವುದು ಮ್ಯಾಂಚೆಸ್ಟರನ್ನು. ಇನ್ನು ಚಾಂಪಿಯನ್ಸ್ ಲೀಗಿನ ತಡರಾತ್ರಿಯ ಪಂದ್ಯಗಳು ನಮ್ಮ ಗಡಿಯಾರದಲ್ಲಿ 12.30ಕ್ಕೋ 1.30ಕ್ಕೋ ಶುರು. ಇಲ್ಲಿ ಬಾಗಿಲು ಹಾಕಬೇಕಾದ್ದು 1 ಗಂಟೆಗೆ. ಆ ಗಂಟೆ ಮೀರಿದ್ದಕ್ಕೆ 2024ರ ಜುಲೈನಲ್ಲಿ ಕಸ್ತೂರಬಾ ರಸ್ತೆಯ, ಕೊಹ್ಲಿ ನಂಟಿನ ಒನ್8 ಕಮ್ಯೂನ್ ಮೇಲೂ ಪೊಲೀಸರು ಪ್ರಕರಣ ದಾಖಲಿಸಿದ್ದರು. ಪೂರ್ತಿ ನೋಡಲಾಗದ ಆಟಕ್ಕೆ ಪೂರ್ತಿ ಗೋಡೆ. ಪೂರ್ತಿ ನೋಡಬಹುದಾದ ನಮ್ಮ ಆಟಕ್ಕೆ ಮೂಲೆಯೂ ಇಲ್ಲ!

ಬಾಗಿಲು ಮತ್ತು ಬಿಲ್ಲು

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತನನ್ನು ತಡೆದರು. ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿತು. ಚಪ್ಪಲಿ ನೋಡಿ, ಮಾತಿನ ಧಾಟಿ ನೋಡಿ 'ಟೇಬಲ್ ಇಲ್ಲ' ಎನ್ನುವ ಬಾಗಿಲುಗಳನ್ನು ಮರೆಯಬೇಡಿ. ನಿಮ್ಮ ಗೆಳೆಯನನ್ನು ಬಿಡದ ಕಡೆ ನೀವೂ ಒಳಗೆ ಹೋಗಬೇಡಿ.

ಬಿಲ್ಲನ್ನು ಕಣ್ಣಿಟ್ಟು ಓದಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಬಿಯರಿನ ಮೇಲೆ ಹಾಕಿದ್ದರೆ ಅದು ಮೋಸ. ಕೇಳದೆ 'ಸರ್ವಿಸ್ ಚಾರ್ಜ್' ಸೇರಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿತು, 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದಲ್ಲಿ ಕಟ್ಟಡದ ಮೇಲಂತಸ್ತಿನ ಕೆಫೆಗೆ ಬೆಂಕಿ ಬಿದ್ದಾಗ ಒಬ್ಬಾತ ಮೇಲಿನಿಂದ ಜಿಗಿಯಬೇಕಾಯಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟಿನ ಹೊರಗೆ ಕಾಲ್ತುಳಿತಕ್ಕೆ ಹನ್ನೊಂದು ಜೀವ ಹೋಯಿತು. ಸಂಭ್ರಮಕ್ಕೆಂದು ಬಂದ ಎಳೆಯರು ಮನೆಗೆ ಹೋಗಲಿಲ್ಲ. ಮ್ಯಾಚ್ ದಿನ ಕಿಕ್ಕಿರಿದ ಪಬ್ಬಿನಲ್ಲಿ ಹೊರಹೋಗುವ ದಾರಿ ಎಲ್ಲಿದೆ ಎಂದು ಕೂರುವ ಮುಂಚೆ ನೋಡಿಕೊಳ್ಳಿ. ಆ ದಾರಿಯ ಫಲಕ ಕನ್ನಡದಲ್ಲಿ ಇಲ್ಲದಿದ್ದರೆ ಅದು ಬರೀ ಅಭಿಮಾನದ ವಿಷಯವಲ್ಲ. ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ನಮ್ಮ ಅಕ್ಕನಿಗೆ ಹೊಗೆಯಲ್ಲಿ 'ಎಕ್ಸಿಟ್' ಓದಲು ಬರದಿದ್ದರೆ ಯಾರು ಹೊಣೆ?

ಈಗ ಮಾಡಬೇಕಾದ್ದು

ಗಾಜು ಒಡೆಯಬೇಡಿ. ಬಿಯರ್ ತಂದಿಡುವ ಒಡಿಶಾದ ಹುಡುಗನ ಮೇಲೆ ರೇಗಬೇಡಿ, ರಿಮೋಟ್ ಅವನ ಕೈಯಲ್ಲಿಲ್ಲ. ಐದಾರು ಜನ ಒಟ್ಟಾಗಿ ಹೋಗಿ. ಆರ್ಡರ್ ಕೊಡುವ ಮುಂಚೆ ಮ್ಯಾನೇಜರನ್ನು ಕರೆದು ಮೂರೇ ಮಾತು ಕೇಳಿ: ಕನ್ನಡ ಕಾಮೆಂಟರಿ ಹಾಕುತ್ತೀರಾ? ಕನ್ನಡದ ಮೆನು ಇದೆಯಾ? ಕಬಡ್ಡಿ ತೋರಿಸುತ್ತೀರಾ? ಇಲ್ಲವೆಂದರೆ ಜಗಳವಿಲ್ಲದೆ ಎದ್ದು ಬನ್ನಿ. ಮ್ಯಾಚಿನ ಸಂಜೆ ಏಳೂವರೆಗೆ ಆರು ಕುರ್ಚಿ ಖಾಲಿಯಾದರೆ ಆಗುವ ನೋವು ಏನೆಂದು ವ್ಯಾಪಾರಿಗೆ ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಬೇಕಿಲ್ಲ. ಒಪ್ಪಿದವನ ಅಂಗಡಿಗೆ ಮತ್ತೆ ಹತ್ತು ಜನರನ್ನು ಕರೆದೊಯ್ಯಿರಿ. ಅದೇ ನಮ್ಮ ಪಟ್ಟಿ, ಅವನೇ ನಮ್ಮ ಲೆಕ್ಕದಲ್ಲಿ ಶ್ರೇಷ್ಠ.

ಮೆನು ಬದಲಿಸಲು ಮುಂದೆ ಬರುವ ಯಾವ ಬಾರಿನವನಿಗಾದರೂ ನನ್ನದೊಂದು ಮಾತು: ಕನ್ನಡ ಅಕ್ಷರಜೋಡಣೆಗೆ, ಪ್ರೂಫಿಗೆ ನಮ್ಮ ಪ್ರೆಸ್ಸಿನಲ್ಲಿ ಒಂದು ಪೈಸೆಯೂ ಬೇಡ. ಇನ್ನು ನೆಪ ಹೇಳಲು ಏನುಳಿಯಿತು?

ಸಿರಿಗನ್ನಡಂ ಗೆಲ್ಗೆ!