ಏರಿದ್ದೇಕೆ, ಇಳಿದದ್ದೇಕೆ?

ಕಾರಣ ತಿಳಿಯದ ಸಂಗತಿಯೊಡನೆ ಸುಮ್ಮನಿರುವುದು ಮನುಷ್ಯನಿಗೆ ಬಹು ಕಷ್ಟ. ಮಗು ಅತ್ತರೆ ದೃಷ್ಟಿಯಾಯಿತೆನ್ನುತ್ತೇವೆ. ಹಾಲು ಒಡೆದರೆ ಸೆಕೆಯ ಮೇಲೆ ಹಾಕುತ್ತೇವೆ. ಸಾಹೇಬರು ಸಿಡುಕಿದರೆ ಬೆಳಿಗ್ಗೆ ಮನೆಯಲ್ಲಿ ಏನೋ ನಡೆದಿರಬೇಕೆಂದು ಊಹಿಸುತ್ತೇವೆ. ಊಹೆ ಸರಿಯೋ ತಪ್ಪೋ, ಮನಸ್ಸಿಗಂತೂ ನೆಮ್ಮದಿ. ಮನೆಯೊಳಗೆ ಈ ಅಭ್ಯಾಸದಿಂದ ಹೆಚ್ಚಿನ ನಷ್ಟವೇನೂ ಇಲ್ಲ. ಅದನ್ನೇ ಹಣದ ಪೇಟೆಗೆ ಕೊಂಡೊಯ್ದರೆ ಮಾತ್ರ ಅದಕ್ಕೆ ದಂಡ ತೆರಬೇಕಾಗುತ್ತದೆ.

ನಮ್ಮ ತರುಣ ವಾಚಕರಲ್ಲಿ ಹಲವರು ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳ ವ್ಯವಹಾರದಲ್ಲಿ ಕೈಯಾಡಿಸುತ್ತಿರುವುದನ್ನು ಬಲ್ಲೆ. ಆ ನಾಣ್ಯ ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ. ನನ್ನ ಪ್ರಶ್ನೆ ಚಿಕ್ಕದು. ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ಆ ದರದಲ್ಲಿ ವ್ಯಾಪಾರಿಗಳು ಏನನ್ನು ಓದುತ್ತಾರೆ? ಹಾಗೆ ಓದಿದುದರಲ್ಲಿ ಹುರುಳೆಷ್ಟು?

ಮೊದಲು ಈ ಪೇಟೆಯ ಸ್ವಭಾವವನ್ನು ತಿಳಿಯಬೇಕು. ಸಟೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಪ್ರಕಟವಾದ ಒಂದು ಪ್ರಬಂಧದಿಂದ ಹುಟ್ಟಿ, 2009ರ ಜನವರಿಯಲ್ಲಿ ಚಾಲನೆಗೆ ಬಂದ ನಾಣ್ಯ ಬಿಟ್‌ಕಾಯಿನ್. ಷೇರುಪೇಟೆಗೆ ಸಂಜೆಯಾದರೆ ಬಾಗಿಲು ಹಾಕುತ್ತಾರೆ. ಸೂಚ್ಯಂಕ ತೀರ ಕುಸಿದರೆ ವ್ಯವಹಾರವನ್ನೇ ಕೆಲಹೊತ್ತು ತಡೆಯುವ ಏರ್ಪಾಡೂ ಅಲ್ಲಿದೆ. ಕ್ರಿಪ್ಟೋ ಪೇಟೆಗೆ ಭಾನುವಾರವಿಲ್ಲ, ದೀಪಾವಳಿಯಿಲ್ಲ, ನಡುರಾತ್ರಿಯೂ ಇಲ್ಲ. ಕಂಪನಿಯ ಷೇರಾದರೆ ಲಾಭನಷ್ಟದ ತಖ್ತೆ ನೋಡಬಹುದು. ಅಕ್ಕಿಯಾದರೆ ಮಳೆ ಬೆಳೆ ವಿಚಾರಿಸಬಹುದು. ಬಿಟ್‌ಕಾಯಿನ್‌ಗೆ ಡಿವಿಡೆಂಡೂ ಇಲ್ಲ, ಬೆಳೆಯೂ ಇಲ್ಲ. ಮುಂದಿನವನು ಎಷ್ಟು ಕೊಟ್ಟಾನು ಎಂಬ ಎಣಿಕೆಯೇ ಬಹುಮಟ್ಟಿಗೆ ಅದರ ದರ. ಆದುದರಿಂದಲೇ ಅದರ ಏರಿಳಿತ ಅಷ್ಟು ವಿಪರೀತ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿದ್ದುದು ಮರುವರ್ಷದ ನವೆಂಬರಿಗೆ 16,000ದ ಆಸುಪಾಸಿಗೆ ಬಂತು; 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿತು.

ಹಿಡಿಯಲು ಬೇರೆ ಆಧಾರವಿಲ್ಲದಾಗ ವ್ಯಾಪಾರಿ ದರವನ್ನೇ ದಿಟ್ಟಿಸುತ್ತಾನೆ. ಅವನ ಮೊಬೈಲಿನ ಮೇಲೆ ಕೆಂಪು ಹಸಿರು ಕಡ್ಡಿಗಳ ಸಾಲೊಂದು ಇರುತ್ತದಷ್ಟೆ. ಅವಕ್ಕೆ ಕ್ಯಾಂಡಲ್, ಎಂದರೆ ಮೇಣದಬತ್ತಿ, ಎಂದು ಹೆಸರು. ಒಂದೊಂದು ಕಡ್ಡಿಯೂ ಒಂದು ಅವಧಿಯ ಕಥೆ: ಆರಂಭದ ದರ, ಮುಕ್ತಾಯದ ದರ, ನಡುವೆ ಮುಟ್ಟಿದ ಗರಿಷ್ಠ ಮತ್ತು ಕನಿಷ್ಠ. ಏರಿ ಮುಗಿದರೆ ಹಸಿರು, ಇಳಿದು ಮುಗಿದರೆ ಕೆಂಪು. ಈ ಪದ್ಧತಿಯ ಮೂಲವನ್ನು 18ನೆಯ ಶತಮಾನದ ಜಪಾನಿನ ಅಕ್ಕಿ ವ್ಯಾಪಾರಿ ಹೊನ್ಮಾ ಮುನೆಹಿಸನಿಗೆ ಕೊಡುವುದು ವಾಡಿಕೆ. ಅವಧಿ ಒಂದು ನಿಮಿಷವೂ ಆಗಬಹುದು, ಒಂದು ದಿನವೂ ಆಗಬಹುದು. ವಿನೋದವೆಂದರೆ, ದಿನದ ಕಡ್ಡಿ ಹಸಿರಾಗಿರುವಾಗಲೇ ಅದರೊಳಗಿನ ಐದು ನಿಮಿಷದ ಕಡ್ಡಿಗಳಲ್ಲಿ ಅರ್ಧಕ್ಕರ್ಧ ಕೆಂಪಾಗಿರಬಹುದು. ಒಂದೇ ದಿನವನ್ನು ನೋಡಿ ಒಬ್ಬ ಏರಿಕೆಯೆಂದೂ ಇನ್ನೊಬ್ಬ ಇಳಿಕೆಯೆಂದೂ ಹೇಳಿದರೆ ಇಬ್ಬರೂ ಸತ್ಯವಂತರೇ!

ಇದರ ಮೇಲೆ ಸೂಚಕಗಳು ಬೇರೆ. ಹಿಂದಿನ 50 ದಿನಗಳ ಸರಾಸರಿಯ ಗೆರೆ, 200 ದಿನಗಳ ಸರಾಸರಿಯ ಗೆರೆ. ಒಂದು ಇನ್ನೊಂದನ್ನು ದಾಟಿದರೆ ಶುಭ ಅಥವಾ ಅಶುಭ. 1978ರಲ್ಲಿ ವೆಲ್ಸ್ ವೈಲ್ಡರ್ ಎಂಬಾತ ಪ್ರಚಾರಕ್ಕೆ ತಂದ ಆರ್.ಎಸ್.ಐ. ಎಂಬ ಅಂಕಿಯೊಂದಿದೆ. ಅದು 70ನ್ನು ಮೀರಿದರೆ ಜನ ಮಿತಿಮೀರಿ ಕೊಂಡಿದ್ದಾರೆ, 30ಕ್ಕೆ ಇಳಿದರೆ ಮಿತಿಮೀರಿ ಮಾರಿದ್ದಾರೆ ಎಂದರ್ಥವಂತೆ. ಇವೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇವೆಲ್ಲ ಆಗಿಹೋದ ದರದಿಂದ ತೆಗೆದ ಲೆಕ್ಕ. ನಿನ್ನೆಯ ಹೆಜ್ಜೆಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಎಣಿಸಿದರೂ, ನಾಳೆ ಆ ಮನುಷ್ಯ ಎತ್ತ ತಿರುಗುವನೆಂಬುದನ್ನು ಅವು ಖಚಿತವಾಗಿ ಹೇಳಲಾರವು.

ಒಂದು ಮಧ್ಯಾಹ್ನ ದರ ನೂರಕ್ಕೆ ಮೂರರಷ್ಟು ಇಳಿಯಿತೆನ್ನಿ. ಒಬ್ಬ ಹೇಳುತ್ತಾನೆ: “ಲಾಭ ತೆಗೆದುಕೊಂಡರು, ಅಷ್ಟೆ, ಇನ್ನು ಏರುತ್ತದೆ.” ಇನ್ನೊಬ್ಬ: “ಆಧಾರದ ಮಟ್ಟ ಮುರಿಯಿತು, ಇನ್ನು ಪಾತಾಳವೇ.” ಮೂರನೆಯವ: “ದೊಡ್ಡ ತಿಮಿಂಗಿಲಗಳು ಬಡವರನ್ನು ಹೆದರಿಸಿ ಅಗ್ಗಕ್ಕೆ ಕೊಳ್ಳುತ್ತಿವೆ.” ನಾಲ್ಕನೆಯವ ಅಮೆರಿಕದ ಬಡ್ಡಿದರದ ಸುದ್ದಿ ತೆಗೆಯುತ್ತಾನೆ. ನಾಲ್ವರಲ್ಲಿ ಯಾರೊಬ್ಬರೂ, “ಕೊಳ್ಳುವವರಿಗಿಂತ ಮಾರುವವರ ಆತುರ ಕೊಂಚ ಹೆಚ್ಚಾಗಿತ್ತು, ಅದಕ್ಕಿಂತ ಹೆಚ್ಚಿಗೆ ನನಗೆ ತಿಳಿಯದು” ಎನ್ನುವುದಿಲ್ಲ. ಹಾಗೆಂದವನ ಮಾತನ್ನು ಕೇಳುವವರಾದರೂ ಯಾರು?

ಹಾಗಾದರೆ ಏರಿಳಿತಕ್ಕೆ ಕಾರಣವೇ ಇಲ್ಲವೇ? ಕೆಲವೊಮ್ಮೆ ಸ್ಪಷ್ಟವಾಗಿಯೇ ಇರುತ್ತದೆ. ಬಿಟ್‌ಕಾಯಿನ್ ಆಧಾರಿತ ಫಂಡುಗಳಿಗೆ ಅಮೆರಿಕದ ಷೇರು ನಿಯಂತ್ರಣ ಆಯೋಗ ಅನುಮತಿ ಕೊಡುವುದೇ ಎಂದು ಎಲ್ಲರೂ ಕಾದಿದ್ದ ಕಾಲ. 2024ರ ಜನವರಿ 9ರಂದು ಯಾರೋ ಆ ಆಯೋಗದ ಎಕ್ಸ್ ಖಾತೆಯನ್ನೇ ವಶಪಡಿಸಿಕೊಂಡು, ಅನುಮತಿ ದೊರೆಯಿತೆಂದು ಸುಳ್ಳು ಪ್ರಕಟಣೆ ಹಾಕಿದರು. ದರ ಜಿಗಿಯಿತು, ಅಧ್ಯಕ್ಷರು ಅಲ್ಲಗಳೆದ ಕೂಡಲೆ ಬಿತ್ತು. ಇಲ್ಲಿ ಕಾರಣ ಅಂಗೈಯ ನೆಲ್ಲಿಕಾಯಿ. ಮರುದಿನ ಅನುಮತಿ ನಿಜವಾಗಿಯೇ ಬಂತು. ಹಾಗಾದರೆ ಏರಬೇಕಲ್ಲವೇ? 11ರಂದು 49,000 ಡಾಲರಿನ ಸಮೀಪ ಹೋದ ದರ 23ರ ವೇಳೆಗೆ 39,000ಕ್ಕಿಂತ ಕೆಳಗಿತ್ತು. ಆಗ ವ್ಯಾಪಾರಿಗಳು, “ವದಂತಿಗೆ ಕೊಳ್ಳು, ಸುದ್ದಿಗೆ ಮಾರು ಎಂಬ ಗಾದೆ ಗೊತ್ತಿಲ್ಲವೇ?” ಎಂದರು. ಮಾರ್ಚಿಯಲ್ಲಿ ಅದೇ ದರ 73,000ವನ್ನು ದಾಟಿದಾಗ, “ಅನುಮತಿಯ ಫಲ ಈಗ ಕಾಣಿಸಿತು” ಎಂದರು. ಏರಿದರೂ ಅದೇ ಕಾರಣ, ಇಳಿದರೂ ಅದೇ ಕಾರಣ!

ಮತ್ತೆ ಕೆಲವು ಏರಿಳಿತಗಳಲ್ಲಿ ಯಾರ ಅಭಿಪ್ರಾಯವೂ ಇರುವುದಿಲ್ಲ. ಅವು ಬರಿಯ ಯಂತ್ರದ ಕೆಲಸ. ಹತ್ತು ಸಾವಿರ ರೂಪಾಯಿ ಇಟ್ಟು, ಸಾಲದ ಬಲದಿಂದ ಎರಡು ಲಕ್ಷದ ವ್ಯವಹಾರ ಮಾಡಿದವನಿಗೆ ದರ ನೂರಕ್ಕೆ ಐದು ಇಳಿದರೆ ಹತ್ತು ಸಾವಿರವೂ ಹೋಯಿತು. ಅದಕ್ಕೆ ಮುಂಚೆಯೇ ವಿನಿಮಯ ಸಂಸ್ಥೆಯ ಯಂತ್ರ ಅವನ ಪಾಲನ್ನು ತಾನಾಗಿ ಮಾರಿಹಾಕುತ್ತದೆ. ಆ ಮಾರಾಟದಿಂದ ದರ ಇನ್ನಷ್ಟು ಇಳಿದು ಪಕ್ಕದವನ ಸರದಿ ಬರುತ್ತದೆ. 2025ರ ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷರು ಚೀನಾದ ಸರಕಿನ ಮೇಲೆ ಹೆಚ್ಚುವರಿ ಸುಂಕ ಘೋಷಿಸಿದಾಗ ನಡೆದುದು ಇದೇ. ನಮ್ಮಲ್ಲಿ ಆಗ ಶನಿವಾರದ ನಸುಕು. ಒಂದು ದಿನದೊಳಗೆ 1,900 ಕೋಟಿ ಡಾಲರಿಗೂ ಮಿಕ್ಕಿದ ವ್ಯವಹಾರಗಳು ಹೀಗೆ ಬಲವಂತವಾಗಿ ಮುಚ್ಚಿಹೋದವು. ಮಲಗಿದ್ದವರು ಎದ್ದು ನೋಡುವಷ್ಟರಲ್ಲಿ ಖಾತೆ ಬರಿದಾಗಿತ್ತು. ಅಂಥ ಕಡ್ಡಿಯಲ್ಲಿ ಪೇಟೆಯ ಮನಸ್ಸನ್ನು ಓದಲು ಹೊರಡುವುದು, ಕಾಲ್ತುಳಿತವನ್ನು ನೋಡಿ ಜನರ ಅಭಿಮತ ತಿಳಿದಂತೆ.

ಮುಂಬಯಿಯ ಹಳಬರಿಗೆ ಇದು ಹೊಸ ಕಥೆಯಲ್ಲ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಇಲ್ಲಿ ಪಂಥ ಕಟ್ಟುತ್ತಿದ್ದ ಕಾಲವೊಂದಿತ್ತು. ಮಟ್ಕಾ ಬೆಳೆದದ್ದು ಅದರಿಂದಲೇ. ನಮ್ಮ ಕನ್ನಡ ನಾಡಿನಲ್ಲಿ ಅದಕ್ಕೆ ‘ಓಸಿ’ ಎಂಬ ಹೆಸರು ನಿಂತಿತು. ಅಂದೂ ನಾಳೆಯ ಅಂಕಿಯನ್ನು ಹಿಂದಿನ ಅಂಕಿಗಳ ಸಾಲಿನಿಂದ ತೆಗೆದುಕೊಡುವ ಪಂಡಿತರಿದ್ದರು.

ನಾನು ಗುಮಾಸ್ತ. ನನಗೆ ತಿಳಿದ ಶಾಸ್ತ್ರ ಕಡತದ ಶಾಸ್ತ್ರ. ಕಛೇರಿಯಲ್ಲಿ ಅತ್ಯಂತ ಅಪನಂಬಿಕೆಗೆ ಗುರಿಯಾಗುವ ಟಿಪ್ಪಣಿ ಯಾವುದೆಂದರೆ, ಕೆಲಸವೆಲ್ಲ ಮುಗಿದ ಮೇಲೆ ಹಿಂದಿನ ತಾರೀಖು ಹಾಕಿ ಬರೆದದ್ದು. ಅದು ಯಾವಾಗಲೂ ಸೊಗಸಾಗಿರುತ್ತದೆ, ಎಲ್ಲಿಯೂ ತಪ್ಪಿರುವುದಿಲ್ಲ. ಸಂಜೆಯ ಹೊತ್ತು ಪೇಟೆಯ ಕುರಿತು ಹೇಳುವ ಕಾರಣಗಳೂ ಬಹುಪಾಲು ಈ ಜಾತಿಯವು.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗ ಹೋದ ಯುಗಾದಿಯ ಸಮಾರಂಭದಲ್ಲಿ ಸಿಕ್ಕಿದ. “ಅಣ್ಣಾ, ಅಪ್ಪನ ನಿವೃತ್ತಿಯ ಹಣದಲ್ಲಿ ಎರಡು ಲಕ್ಷ ಕೇಳಿದ್ದೇನೆ. ನೀವು ಹೇಳಿದರೆ ಅವರು ಕೊಡುತ್ತಾರೆ. ನನ್ನ ಎಣಿಕೆ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ” ಎಂದ. ಅವನು ಸೋಮಾರಿಯಲ್ಲ, ಸುಳ್ಳನೂ ಅಲ್ಲ. ನಾನು ಕೇಳಿದ್ದು ಇಷ್ಟೆ: “ಆ ಹತ್ತನ್ನೂ ಎಲ್ಲಿ ಬರೆದಿಟ್ಟಿದ್ದೀಯಪ್ಪ?” ಬರೆದಿರಲಿಲ್ಲ. ಒಂದು ನೋಟುಬುಕ್ಕನ್ನು ನಮ್ಮ ಆವಕ ಪುಸ್ತಕದಂತೆ ಗೆರೆ ಎಳೆದು ಕೊಟ್ಟೆ: ತಾರೀಖು, ಗಂಟೆ, ದರ, ಏರುವುದೋ ಇಳಿಯುವುದೋ, ಎಷ್ಟರೊಳಗೆ, ಯಾವ ದರ ಮುಟ್ಟಿದರೆ ತನ್ನ ಎಣಿಕೆ ತಪ್ಪೆಂದು ಒಪ್ಪುವುದು. ಮೂರು ತಿಂಗಳು, ಒಂದು ರೂಪಾಯಿಯನ್ನೂ ಹಾಕದೆ. ಪುಸ್ತಕ ತುಂಬಿ ಬಂತು. 114 ಎಣಿಕೆಗಳಲ್ಲಿ 59 ಸರಿ, 55 ತಪ್ಪು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಹುಡುಗ ತಾನೇ ಕೂಡಿ ನೋಡಿ ಮೌನವಾದ. ತಂದೆಯ ಹಣ ಅಂಚೆ ಕಛೇರಿಯಲ್ಲೇ ಉಳಿಯಿತು.

ಅರ್ಧಕ್ಕರ್ಧ ಸರಿಯಾದರೆ ನಷ್ಟವೇನೆಂದು ಕೇಳುವಿರಾದರೆ, ತೆರಿಗೆಯ ಲೆಕ್ಕ ನೋಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ನಮ್ಮ ದೇಶದಲ್ಲಿ ನೂರಕ್ಕೆ 30 ತೆರಿಗೆ, ಮೇಲೆ ಸೆಸ್. ಒಂದರಲ್ಲಿ ಬಂದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಹತ್ತು ಸಾವಿರ ಗೆದ್ದು ಹತ್ತು ಸಾವಿರ ಸೋತವನ ಕೈಯಲ್ಲಿ ಸೊನ್ನೆ. ಕಟ್ಟಬೇಕಾದುದು ಮೂರು ಸಾವಿರ. ಅದೇ ಜುಲೈಯಿಂದ, ಮಿತಿ ಮೀರಿದ ಮಾರಾಟಗಳ ಮೊತ್ತದ ಮೇಲೆ ನೂರಕ್ಕೊಂದು ಮುಂಚಿತ ಕಡಿತ. ರಿಟರ್ನ್ ಸಲ್ಲಿಸುವಾಗ ಅದು ತೆರಿಗೆಗೆ ಜಮೆಯಾಗುವುದು ನಿಜ. ಅಷ್ಟರವರೆಗೆ ದಿನಕ್ಕೆ ನಾಲ್ಕು ಸಲ ಕೊಂಡು ಮಾರುವವನ ಬಂಡವಾಳ ಸೊರಗುತ್ತದೆ. ಷೇರುಪೇಟೆಯ ಫ್ಯೂಚರ್ಸ್–ಆಪ್ಷನ್ಸ್ ವ್ಯವಹಾರದ ಬಗೆಗೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಸಾಮಾನ್ಯ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಅದು ನಿಯಮವಿರುವ, ರಾತ್ರಿ ಬಾಗಿಲು ಹಾಕುವ ಪೇಟೆ.

ಪಳಗಿದ ವ್ಯಾಪಾರಿಗಳ ವಿಷಯದಲ್ಲಿ ಅನ್ಯಾಯವಾಗಿ ಮಾತಾಡಬಾರದು. ಅವರಲ್ಲಿ ವಿವೇಕಿಗಳು ಏರಿಳಿತದ ಕಾರಣವನ್ನು ಬಲ್ಲೆವೆಂದು ಜಂಬಪಡುವುದಿಲ್ಲ. ಎಷ್ಟು ಮೊತ್ತದ ವ್ಯವಹಾರ ನಡೆಯಿತು, ಸಾಲದ ಭಾರ ಯಾವ ಕಡೆ ಹೆಚ್ಚಾಗಿದೆ ಎಂಬುದನ್ನು ನೋಡುತ್ತಾರೆ. ತಪ್ಪಿದರೆ ಎಷ್ಟು ಕಳೆದುಕೊಳ್ಳಬಹುದೆಂದು ಮೊದಲೇ ನಿಶ್ಚಯಿಸುತ್ತಾರೆ. ಅವರ ಬಲ ಭವಿಷ್ಯಜ್ಞಾನವಲ್ಲ, ನಷ್ಟದ ಮಿತಿ.

ನನ್ನಂಥ ಕೇಂದ್ರ ಸರಕಾರಿ ನೌಕರರಿಗಂತೂ ತೊಂದರೆಯೇ ಇಲ್ಲ. 1964ರ ನಡತೆ ನಿಯಮಗಳ 16ನೆಯ ನಿಯಮ ನಮಗೆ ಸಟ್ಟಾವನ್ನು ನಿಷೇಧಿಸಿ, ಪದೇ ಪದೇ ಕೊಂಡು ಮಾರುವುದನ್ನೂ ಸಟ್ಟಾ ಎಂದೇ ಎಣಿಸುತ್ತದೆ. ಆ ಕಟ್ಟಿಲ್ಲದ ವಾಚಕರು ತಮ್ಮ ಕಟ್ಟನ್ನು ತಾವೇ ಮಾಡಿಕೊಳ್ಳಬೇಕು. ಮನೆಯ ಹುಡುಗನೋ ಹುಡುಗಿಯೋ ಕೆಂಪು ಹಸಿರು ಕಡ್ಡಿಗಳನ್ನು ತೋರಿಸಿ ಕಾರಣ ವಿವರಿಸಲು ಬಂದರೆ ಗದರಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: “ಇದನ್ನು ನಿನ್ನೆಯೇ ಬರೆದಿಟ್ಟಿದ್ದೆಯಾ?”